ಗೆರೆ ಎಳೆಯುವ ಕೈ ಬದಲಾದರೆ ಸಾಲದು

ಅಮೆರಿಕದ ಪ್ರತಿನಿಧಿ ಸಭೆಯಲ್ಲಿ 435 ಸದಸ್ಯರಿದ್ದಾರೆ. ಹತ್ತು ವರ್ಷಕ್ಕೊಮ್ಮೆ ಜನಗಣತಿ ಮುಗಿದ ಮೇಲೆ ಈ ಸ್ಥಾನಗಳನ್ನು ಜನಸಂಖ್ಯೆಗೆ ತಕ್ಕಂತೆ 50 ರಾಜ್ಯಗಳಿಗೆ ಹಂಚಲಾಗುತ್ತದೆ. ತನ್ನ ಪಾಲಿಗೆ ಎಷ್ಟು ಸ್ಥಾನ ಬಂದಿದೆಯೋ ಅಷ್ಟು ಕ್ಷೇತ್ರಗಳನ್ನು ಗುರುತಿಸಿ ಗಡಿ ಹಾಕುವುದು ಆಯಾ ರಾಜ್ಯದ ಹೊಣೆ. 2020ರ ಗಣತಿಯ ಲೆಕ್ಕದಲ್ಲಿ ಒಂದು ಕ್ಷೇತ್ರದ ಸರಾಸರಿ ಜನಸಂಖ್ಯೆ ಸುಮಾರು 7.6 ಲಕ್ಷ. ಎರಡು ವರ್ಷಕ್ಕೊಮ್ಮೆ ನವೆಂಬರ್‌ನಲ್ಲಿ ಚುನಾವಣೆ ನಡೆಯುತ್ತದೆ. ಬಹುತೇಕ ಎಲ್ಲ ರಾಜ್ಯಗಳಲ್ಲೂ ಒಂದೇ ಮತದಿಂದ ಮುಂದಿದ್ದವರೂ ಇಡೀ ಕ್ಷೇತ್ರವನ್ನು ಗೆಲ್ಲುತ್ತಾರೆ; ಸೋತವರಿಗೆ ಬಿದ್ದ ಮತಗಳ ಕತೆ ಅಲ್ಲಿಗೆ ಮುಗಿಯುತ್ತದೆ.

ಈ ಪದ್ಧತಿಯಲ್ಲಿ ರಾಜ್ಯದ ಒಟ್ಟು ಮತಕ್ಕೂ ಪಕ್ಷಗಳು ಗೆದ್ದ ಸ್ಥಾನಗಳಿಗೂ ತಾಳೆಯಾಗುವುದಿಲ್ಲ ಎಂಬುದನ್ನು ಈಗ ಎಲ್ಲರೂ ಒಪ್ಪುತ್ತಾರೆ. ಇದಕ್ಕೆ ಸಾಮಾನ್ಯವಾಗಿ ಕೊಡುವ ಕಾರಣ ಒಂದೇ: ಗಡಿ ಎಳೆಯುವವರು ರಾಜಕಾರಣಿಗಳು, ಅವರು ತಮ್ಮ ಪಕ್ಷಕ್ಕೆ ಅನುಕೂಲವಾಗುವಂತೆ ಎಳೆಯುತ್ತಾರೆ. ಗೆರಿಮ್ಯಾಂಡರಿಂಗ್ ಎಂದು ಕರೆಯುವ ಈ ಮೋಸವನ್ನು ನಿಲ್ಲಿಸಿ, ಕೆಲಸವನ್ನು ನಿಷ್ಪಕ್ಷಪಾತ ಆಯೋಗಕ್ಕೋ ಕಂಪ್ಯೂಟರಿಗೋ ಒಪ್ಪಿಸಿದರೆ ಪ್ರತಿ ರಾಜ್ಯದ ಪ್ರತಿನಿಧಿಗಳ ಸಾಲಿನಲ್ಲಿ ಅಲ್ಲಿನ ಮತದಾರರ ಮನಸ್ಸು ತಾನಾಗಿ ಕಾಣುತ್ತದೆ ಎಂಬುದು ಇದರ ಜೊತೆಗೆ ಬರುವ ಪರಿಹಾರ. ಸುಧಾರಣೆ ಬಯಸುವ ಸಂಘಟನೆಗಳು, ಸಂಪಾದಕೀಯಗಳು, ಪಠ್ಯಪುಸ್ತಕಗಳು ಎಲ್ಲವೂ ಇದನ್ನೇ ಹೇಳುತ್ತವೆ. ಆದರೆ ಅಮೆರಿಕದ ಚುನಾವಣೆಗಳ ದಾಖಲೆ ಈ ಮಾತನ್ನು ಅಲ್ಲಗಳೆಯುತ್ತದೆ. ಗಡಿಯಲ್ಲಿ ಮೋಸ ನಡೆಯುವುದು ನಿಜ, ಅದು ದೊಡ್ಡ ಮೋಸ. ಆದರೂ ಗಡಿ ಪ್ರಾಮಾಣಿಕವಾಗಿರುವ ಕಡೆಗಳಲ್ಲೂ ಲಕ್ಷಾಂತರ ಮತದಾರರು ಪ್ರಾತಿನಿಧ್ಯವಿಲ್ಲದೆ ಉಳಿದಿದ್ದಾರೆ. ರೋಗದ ಬೇರು ಒಂದು ಕ್ಷೇತ್ರಕ್ಕೆ ಒಬ್ಬನೇ ಸದಸ್ಯ ಎಂಬ ನಿಯಮದಲ್ಲಿದೆ.

ಮೋಸ ಎಷ್ಟು ದೊಡ್ಡದು ಎಂಬುದನ್ನು ಮೊದಲು ನೋಡಬೇಕು. ಅದಕ್ಕೆ ಉತ್ತರ ಕ್ಯಾರೊಲಿನಾಕ್ಕಿಂತ ಸ್ಪಷ್ಟ ಉದಾಹರಣೆ ಇಲ್ಲ. 2012ರಲ್ಲಿ ಅಲ್ಲಿನ 13 ಕ್ಷೇತ್ರಗಳ ಮತಗಳನ್ನು ಒಟ್ಟುಗೂಡಿಸಿದರೆ ಡೆಮಾಕ್ರಟರು ರಿಪಬ್ಲಿಕನ್ನರಿಗಿಂತ ಸುಮಾರು 80 ಸಾವಿರ ಮತ ಹೆಚ್ಚು ಪಡೆದಿದ್ದರು. ಅವರಿಗೆ ಸಿಕ್ಕಿದ್ದು 4 ಸ್ಥಾನ, ರಿಪಬ್ಲಿಕನ್ನರಿಗೆ 9. ಹಿಂದಿನ ವರ್ಷ ರಿಪಬ್ಲಿಕನ್ ಶಾಸಕಾಂಗ ಎಳೆದಿದ್ದ ನಕ್ಷೆಯ ಫಲ ಅದು. ನ್ಯಾಯಾಲಯ ಆ ನಕ್ಷೆಯ ಎರಡು ಕ್ಷೇತ್ರಗಳನ್ನು ಜನಾಂಗದ ಆಧಾರದ ಮೇಲೆ ಎಳೆಯಲಾಗಿದೆ ಎಂದು ತಳ್ಳಿಹಾಕಿತು. 2016ರಲ್ಲಿ ಹೊಸ ನಕ್ಷೆ ಬಂತು. ಅದರ ಹೊಣೆ ಹೊತ್ತಿದ್ದ ಶಾಸಕ ಡೇವಿಡ್ ಲೂಯಿಸ್, ಇದು ಪಕ್ಷದ ಲಾಭಕ್ಕಾಗಿಯೇ ಮಾಡಿದ ನಕ್ಷೆ, 11 ಸ್ಥಾನ ಗೆಲ್ಲುವಂತೆ ಎಳೆಯಲು ಸಾಧ್ಯವಿಲ್ಲದ್ದರಿಂದ 10ಕ್ಕೆ ನಿಲ್ಲಿಸಿದ್ದೇವೆ ಎಂದು ಸಮಿತಿಯ ಸಭೆಯಲ್ಲೇ ಬಹಿರಂಗವಾಗಿ ಹೇಳಿದರು.

ಆ ನಕ್ಷೆಯ ಒಂದು ಗೆರೆ ಗ್ರೀನ್ಸ್‌ಬರೋ ನಗರದ ನಾರ್ತ್ ಕ್ಯಾರೊಲಿನಾ ಎ ಅಂಡ್ ಟಿ ಸ್ಟೇಟ್ ಯೂನಿವರ್ಸಿಟಿಯ ಆವರಣವನ್ನು ಸೀಳಿಕೊಂಡು ಹೋಗಿತ್ತು. ಚಾರಿತ್ರಿಕವಾಗಿ ಕಪ್ಪು ಜನಾಂಗದವರಿಗೆಂದು ಹುಟ್ಟಿದ ವಿಶ್ವವಿದ್ಯಾಲಯಗಳಲ್ಲಿ ವಿದ್ಯಾರ್ಥಿಗಳ ಸಂಖ್ಯೆಯಲ್ಲಿ ದೇಶಕ್ಕೇ ದೊಡ್ಡದು ಅದು. ಆವರಣದ ನಡುವಿನ ಲಾರೆಲ್ ಸ್ಟ್ರೀಟ್ ಗಡಿಯಾಯಿತು. ರಸ್ತೆಯ ಒಂದು ಬದಿಯ ಹಾಸ್ಟೆಲುಗಳು 6ನೇ ಕ್ಷೇತ್ರಕ್ಕೆ ಸೇರಿದರೆ ಇನ್ನೊಂದು ಬದಿಯವು 13ನೇ ಕ್ಷೇತ್ರಕ್ಕೆ ಸೇರಿದವು. ಹಾಸ್ಟೆಲಿನಿಂದ ತರಗತಿಗೆ ನಡೆದುಹೋಗುವ ವಿದ್ಯಾರ್ಥಿ ದಿನಕ್ಕೆ ಹಲವು ಬಾರಿ ಕ್ಷೇತ್ರ ದಾಟುತ್ತಿದ್ದ. ಎರಡೂ ಕ್ಷೇತ್ರಗಳನ್ನು ರಿಪಬ್ಲಿಕನ್ನರೇ ಗೆದ್ದರು. ಒಟ್ಟಿಗಿದ್ದರೆ ತೂಕವಿರುತ್ತಿದ್ದ ಮತಗಳನ್ನು ಎರಡು ಪಾಲು ಮಾಡಿ ಎರಡೂ ಕಡೆ ಕೆಲಸಕ್ಕೆ ಬಾರದಂತೆ ಮಾಡುವ ವಿಧಾನ ಇದು.

ಈ ನಕ್ಷೆಯ ಮೇಲಿನ ಮೊಕದ್ದಮೆ, ಮೇರಿಲ್ಯಾಂಡಿನಲ್ಲಿ ಡೆಮಾಕ್ರಟರು ಎಳೆದಿದ್ದ ನಕ್ಷೆಯ ಮೊಕದ್ದಮೆಯ ಜೊತೆಗೂಡಿ ಸುಪ್ರೀಂ ಕೋರ್ಟಿಗೆ ಹೋಯಿತು. 2019ರ ಜೂನ್ 27ರಂದು ರೂಚೊ ಪ್ರಕರಣದಲ್ಲಿ ಐದು–ನಾಲ್ಕರ ಬಹುಮತದಿಂದ ತೀರ್ಪು ಬಂತು. ಪಕ್ಷದ ಲಾಭಕ್ಕೆ ಗಡಿ ಎಳೆಯುವುದು ನ್ಯಾಯವಲ್ಲ ಎಂದು ಒಪ್ಪಿದ ಮುಖ್ಯ ನ್ಯಾಯಮೂರ್ತಿ ಜಾನ್ ರಾಬರ್ಟ್ಸ್, ಅದನ್ನು ಅಳೆಯುವ ಕೆಲಸ ಫೆಡರಲ್ ನ್ಯಾಯಾಲಯದ್ದಲ್ಲ ಎಂದು ಕೈತೊಳೆದುಕೊಂಡರು. ನ್ಯಾಯಮೂರ್ತಿ ಎಲೀನಾ ಕೇಗನ್ ಭಿನ್ನಮತ ಬರೆದರು. ಆ ಮೇಲೆ ಉತ್ತರ ಕ್ಯಾರೊಲಿನಾದ ಹೋರಾಟ ರಾಜ್ಯದ ಸುಪ್ರೀಂ ಕೋರ್ಟಿಗೆ ವರ್ಗವಾಯಿತು. ನ್ಯಾಯಾಲಯದ ಉಸ್ತುವಾರಿಯಲ್ಲಿ ಎಳೆದ ನಕ್ಷೆಯಲ್ಲಿ 2022ರ ಫಲಿತಾಂಶ 7–7. ಅದೇ ವರ್ಷದ ಚುನಾವಣೆಯಲ್ಲಿ ಆ ನ್ಯಾಯಾಲಯದ ಬಹುಮತವೇ ಬದಲಾಯಿತು. 2023ರಲ್ಲಿ ಹೊಸ ನ್ಯಾಯಾಧೀಶರು ಹಿಂದಿನ ತೀರ್ಪನ್ನು ರದ್ದು ಮಾಡಿದರು, ಶಾಸಕಾಂಗ ಮತ್ತೆ ಗೆರೆ ಎಳೆಯಿತು, 2024ರಲ್ಲಿ ಫಲಿತಾಂಶ 10–4 ಆಯಿತು. ಅದೇ ದಿನ ಅದೇ ಮತದಾರರು ಡೆಮಾಕ್ರಟ್ ಜೋಶ್ ಸ್ಟೈನ್ ಅವರನ್ನು ಗವರ್ನರ್ ಆಗಿ ಆರಿಸಿದ್ದರು. ಆ ರಾಜ್ಯದಲ್ಲಿ ಕ್ಷೇತ್ರ ನಕ್ಷೆಯನ್ನು ತಡೆಯುವ ವೀಟೊ ಅಧಿಕಾರ ಗವರ್ನರಿಗೆ ಇಲ್ಲ. 2025ರ ಅಕ್ಟೋಬರಿನಲ್ಲಿ, ಗಣತಿಯೇನೂ ನಡೆಯದಿದ್ದರೂ, ಇನ್ನೊಂದು ಸ್ಥಾನ ಕಿತ್ತುಕೊಳ್ಳಲು ಮತ್ತೊಂದು ನಕ್ಷೆ ಅಂಗೀಕಾರವಾಯಿತು.

ಇಷ್ಟನ್ನು ಓದಿದವರಿಗೆ ಪ್ರಚಲಿತ ವಾದವೇ ಸರಿ ಎನ್ನಿಸುವುದು ಸಹಜ. ಆದ್ದರಿಂದಲೇ ಮೋಸವಿಲ್ಲದ ರಾಜ್ಯಗಳನ್ನು ನೋಡುವುದು ಅಗತ್ಯ.

ಗೆರಿಮ್ಯಾಂಡರಿಂಗಿಗೆ ತನ್ನ ಹೆಸರು ಬಿಟ್ಟುಹೋದ ಗವರ್ನರ್ ಎಲ್ಬ್ರಿಜ್ ಗೆರಿ 1812ರಲ್ಲಿ ಸಹಿ ಹಾಕಿದ್ದು ಮ್ಯಾಸಚೂಸೆಟ್ಸ್ ರಾಜ್ಯದ ನಕ್ಷೆಗೆ. ಇಂದು ಆ ರಾಜ್ಯಕ್ಕೆ 9 ಸ್ಥಾನಗಳಿವೆ, ಒಂಬತ್ತೂ ಡೆಮಾಕ್ರಟರವು. ಅಲ್ಲಿ ಕೊನೆಯ ಬಾರಿ ಒಬ್ಬ ರಿಪಬ್ಲಿಕನ್ ಪ್ರತಿನಿಧಿ ಸಭೆಗೆ ಗೆದ್ದದ್ದು 1994ರಲ್ಲಿ. ರಿಪಬ್ಲಿಕನ್ ಮತದಾರರೇ ಇಲ್ಲದ ರಾಜ್ಯವೇನೂ ಅಲ್ಲ ಅದು: ಮಿಟ್ ರಾಮ್ನಿ, ಚಾರ್ಲಿ ಬೇಕರ್ ಇಬ್ಬರೂ ಅಲ್ಲಿ ರಿಪಬ್ಲಿಕನ್ ಗವರ್ನರ್ ಆಗಿದ್ದವರು. 2024ರಲ್ಲಿ ಡೊನಾಲ್ಡ್ ಟ್ರಂಪ್ ಅಲ್ಲಿ ಶೇಕಡ 36ರಷ್ಟು ಮತ ಪಡೆದರು. ಈಗಿರುವ ನಕ್ಷೆಗೆ 2021ರಲ್ಲಿ ಸಹಿ ಹಾಕಿದವರು ಬೇಕರ್ ಅವರೇ. ಹಾಗಾದರೆ ಮೂರನೇ ಒಂದು ಭಾಗ ಮತದಾರರಿಗೆ ಒಂಬತ್ತರಲ್ಲಿ ಒಂದು ಸ್ಥಾನವೂ ಏಕಿಲ್ಲ? ಗಣಿತಜ್ಞೆ ಮೂನ್ ಡಚಿನ್ ಮತ್ತು ಸಂಗಡಿಗರು 2019ರಲ್ಲಿ ಪ್ರಕಟಿಸಿದ ಅಧ್ಯಯನ ಈ ಪ್ರಶ್ನೆಯನ್ನೇ ಎತ್ತಿಕೊಂಡಿತು. ರಾಜ್ಯದಲ್ಲಿ ರಿಪಬ್ಲಿಕನ್ ಮತ ನೂರಕ್ಕೆ ಮೂವತ್ತು ದಾಟಿದ ಕೆಲವು ಚುನಾವಣೆಗಳ ಅಂಕಿ ಅಂಶ ಹಿಡಿದು ನೋಡಿದಾಗ, ಮತಗಟ್ಟೆಗಳನ್ನು ಯಾವ ರೀತಿ ಜೋಡಿಸಿದರೂ ರಿಪಬ್ಲಿಕನ್ ಬಹುಮತದ ಒಂದೇ ಒಂದು ಕ್ಷೇತ್ರ ಸಿಗಲಿಲ್ಲ. ಆ ಮತದಾರರು ರಾಜ್ಯದ ಎಲ್ಲ ಊರುಗಳಲ್ಲೂ ಹೆಚ್ಚು ಕಡಿಮೆ ಸಮನಾಗಿ ಹರಡಿಕೊಂಡಿದ್ದಾರೆ. ಎಲ್ಲ ಕಡೆಯೂ ಮೂರನೇ ಒಂದರಷ್ಟಿದ್ದವರು ಎಲ್ಲ ಕಡೆಯೂ ಸೋಲುತ್ತಾರೆ. ಅಲ್ಲಿ ದೇವರೇ ಬಂದು ಗಡಿ ಎಳೆದರೂ ಫಲಿತಾಂಶ 9–0. ಇದರ ಪರಿಣಾಮ ಮತಪತ್ರದಲ್ಲೇ ಕಾಣುತ್ತದೆ: 2024ರಲ್ಲಿ ಆ ರಾಜ್ಯದ ಬಹುಪಾಲು ಕ್ಷೇತ್ರಗಳಲ್ಲಿ ರಿಪಬ್ಲಿಕನ್ ಅಭ್ಯರ್ಥಿಯೇ ಇರಲಿಲ್ಲ.

ಅಯೋವಾ ಇನ್ನೂ ಗಟ್ಟಿಯಾದ ಸಾಕ್ಷಿ, ಏಕೆಂದರೆ ಆಯೋಗವಾದಿಗಳು ಮಾದರಿಯೆಂದು ಎತ್ತಿ ತೋರಿಸುವ ರಾಜ್ಯವೇ ಅದು. 1980ರ ಕಾನೂನಿನ ಪ್ರಕಾರ ಅಲ್ಲಿ ನಕ್ಷೆ ಸಿದ್ಧಪಡಿಸುವುದು ಶಾಸಕಾಂಗದ ಪಕ್ಷಾತೀತ ಸಿಬ್ಬಂದಿ. ಮತದಾರರ ಪಕ್ಷ, ಹಿಂದಿನ ಫಲಿತಾಂಶ, ಹಾಲಿ ಸದಸ್ಯರ ಮನೆ ಎಲ್ಲಿದೆ ಎಂಬುದು, ಇವು ಯಾವುದನ್ನೂ ಅವರು ನೋಡುವಂತಿಲ್ಲ. 99 ಕೌಂಟಿಗಳಲ್ಲಿ ಒಂದನ್ನೂ ಕಾಂಗ್ರೆಸ್ (ಅಮೆರಿಕದ ಸಂಸತ್ತು) ಕ್ಷೇತ್ರಗಳಿಗಾಗಿ ಒಡೆಯುವಂತಿಲ್ಲ. ಇಂಥ ಶುದ್ಧ ನಕ್ಷೆಗಳಲ್ಲಿ 2018ರಲ್ಲಿ ಡೆಮಾಕ್ರಟರಿಗೆ ನಾಲ್ಕರಲ್ಲಿ 3 ಬಂತು, 2020ರಲ್ಲಿ ರಿಪಬ್ಲಿಕನ್ನರಿಗೆ 3, 2022 ಮತ್ತು 2024ರಲ್ಲಿ ರಿಪಬ್ಲಿಕನ್ನರಿಗೆ ನಾಲ್ಕಕ್ಕೆ ನಾಲ್ಕೂ. ಹತ್ತರಲ್ಲಿ ನಾಲ್ಕಕ್ಕೂ ಹೆಚ್ಚು ಜನ ಡೆಮಾಕ್ರಟರ ಪರ ಮತ ಹಾಕುವ ರಾಜ್ಯದಿಂದ ಅವರ ಪ್ರತಿನಿಧಿ ಇಂದು ಒಬ್ಬರೂ ಇಲ್ಲ. 2020ರಲ್ಲಿ ಅಲ್ಲಿನ 2ನೇ ಕ್ಷೇತ್ರದಲ್ಲಿ ಸುಮಾರು 3 ಲಕ್ಷ 94 ಸಾವಿರ ಮತ ಎಣಿಸಿದ ಮೇಲೆ ಮರಿಯಾನೆಟ್ ಮಿಲ್ಲರ್-ಮೀಕ್ಸ್ 6 ಮತಗಳಿಂದ ಗೆದ್ದರು. ನಾಲ್ಕು ವರ್ಷಗಳ ನಂತರ, ಗಡಿ ಬದಲಾದ 1ನೇ ಕ್ಷೇತ್ರದಿಂದ ಅವರದೇ ಗೆಲುವಿನ ಅಂತರ 800ಕ್ಕೂ ಕಡಿಮೆ. ಈ ಬೆರಳೆಣಿಕೆಯ ಮತಗಳು ಆಚೀಚೆ ಹೋದರೆ ಒಂದು ರಾಜ್ಯದ ಪ್ರಾತಿನಿಧ್ಯದ ಕಾಲುಭಾಗ ಪಕ್ಷ ಬದಲಿಸುತ್ತದೆ. ಇದರಲ್ಲಿ ಯಾರ ಮೋಸವೂ ಇಲ್ಲ.

ಕ್ಯಾಲಿಫೋರ್ನಿಯಾದಲ್ಲಿ ಜನಮತಗಣನೆಯ ಮೂಲಕವೇ ನಾಗರಿಕರ ಆಯೋಗ ಬಂತು. 2010ರಲ್ಲಿ ಕಾಂಗ್ರೆಸ್ ಕ್ಷೇತ್ರಗಳೂ ಅದರ ಕೈಗೆ ಹೋದವು. ಅದರ 14 ಸದಸ್ಯರಲ್ಲಿ ಐವರು ಡೆಮಾಕ್ರಟರು, ಐವರು ರಿಪಬ್ಲಿಕನ್ನರು, ನಾಲ್ವರು ಎರಡೂ ಪಕ್ಷಕ್ಕೆ ಸೇರದವರು. ಬಹಿರಂಗ ಸಭೆಗಳಲ್ಲಿ ಜನರ ಅಹವಾಲು ಕೇಳಿ ನಕ್ಷೆ ಎಳೆಯುವ, ಯಾರೂ ಬೆರಳು ಮಾಡಿ ತೋರಿಸಲಾಗದ ವ್ಯವಸ್ಥೆ. 2024ರಲ್ಲಿ ಆ ನಕ್ಷೆಯಲ್ಲಿ 52 ಸ್ಥಾನಗಳ ಪೈಕಿ ಡೆಮಾಕ್ರಟರಿಗೆ 43, ರಿಪಬ್ಲಿಕನ್ನರಿಗೆ 9 ಬಂದವು. ಟ್ರಂಪ್ ಅದೇ ರಾಜ್ಯದಲ್ಲಿ ಶೇಕಡ 38 ಮತ ಪಡೆದಿದ್ದರು. ಕನೆಕ್ಟಿಕಟ್ 5–0, ಓಕ್ಲಹೋಮ ತದ್ವಿರುದ್ಧ ದಿಕ್ಕಿಗೆ 5–0.

ಇದಕ್ಕೆ ಕಾರಣ ಜನ ವಾಸಿಸುವ ರೀತಿ. ಡೆಮಾಕ್ರಟರ ಮತ ದೊಡ್ಡ ನಗರಗಳಲ್ಲಿ ಗುಂಪುಗೂಡಿರುತ್ತದೆ. ಅಲ್ಲಿನ ಕ್ಷೇತ್ರಗಳನ್ನು ಅವರು ಶೇಕಡ 70, 80 ಮತದಿಂದ ಗೆದ್ದು, ಹೊರವಲಯದಲ್ಲಿ ಸಣ್ಣ ಅಂತರದಿಂದ ಸೋಲುತ್ತಾರೆ. ಜೋವಿ ಚೆನ್ ಮತ್ತು ಜೊನಾಥನ್ ರಾಡನ್ ಎಂಬ ವಿದ್ವಾಂಸರು 2013ರಲ್ಲಿ ಫ್ಲಾರಿಡಾದ ಅಂಕಿಗಳನ್ನು ಹಿಡಿದು ಇದನ್ನು ತೋರಿಸಿದರು. 2000ದ ಅಧ್ಯಕ್ಷೀಯ ಚುನಾವಣೆಯಲ್ಲಿ ಆ ರಾಜ್ಯ ಸರಿಸುಮಾರು ಸಮಪಾಲಾಗಿತ್ತು; ಆದರೂ ಪಕ್ಷವನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ ಕಂಪ್ಯೂಟರ್ ಎಳೆದ ನಕ್ಷೆಗಳು ರಿಪಬ್ಲಿಕನ್ನರಿಗೇ ಹೆಚ್ಚು ಕ್ಷೇತ್ರಗಳನ್ನು ಕೊಟ್ಟವು. ಯಂತ್ರಕ್ಕೆ ಪಕ್ಷಪಾತವಿರಲಿಲ್ಲ. ಒಬ್ಬನೇ ಗೆಲ್ಲುವ ಕ್ಷೇತ್ರದಲ್ಲಿ ಮತದ ಬೆಲೆಯನ್ನು ಮತದಾರನ ನೆರೆಹೊರೆ ನಿರ್ಧರಿಸುತ್ತದೆ, ಅಷ್ಟೆ.

ಕನ್ನಡ ಓದುಗರಿಗೆ ಇದು ದೂರದ ಸಂಗತಿಯಲ್ಲ. ಭಾರತದಲ್ಲಿ ಕ್ಷೇತ್ರ ಪುನರ್ವಿಂಗಡಣೆ ಮಾಡುವುದು ಸ್ವತಂತ್ರ ಆಯೋಗ. ಅದರ ಆದೇಶಕ್ಕೆ ಕಾನೂನಿನ ಬಲವಿದೆ. ಅಮೆರಿಕದ ಸುಧಾರಕರು ಕನಸು ಕಾಣುವ ವ್ಯವಸ್ಥೆ ಅದು. ಅಂಥ ಆಯೋಗ ಎಳೆದ ಗಡಿಗಳಲ್ಲೇ 2019ರ ಲೋಕಸಭಾ ಚುನಾವಣೆಯಲ್ಲಿ ಕರ್ನಾಟಕದ 28 ಸ್ಥಾನಗಳ ಪೈಕಿ 25 ಬಿಜೆಪಿಗೆ ಬಂದವು. ಅರ್ಧಕ್ಕಿಂತ ತುಸು ಹೆಚ್ಚು ಮತ ಆ ಪಕ್ಷದ್ದಾಗಿತ್ತು. ಸುಮಾರು ಶೇಕಡ 32ರಷ್ಟು ಮತ ಪಡೆದ ಕಾಂಗ್ರೆಸ್ ಬೆಂಗಳೂರು ಗ್ರಾಮಾಂತರವೊಂದನ್ನು ಗೆದ್ದಿತು. ಆಯೋಗದ ಪ್ರಾಮಾಣಿಕತೆಯನ್ನು ಯಾರೂ ಪ್ರಶ್ನಿಸಲಿಲ್ಲ, ಪ್ರಶ್ನಿಸಬೇಕಾಗಿಯೂ ಇರಲಿಲ್ಲ.

ಆಯೋಗವಾದದ ಇನ್ನೊಂದು ಊನ 2025ರಲ್ಲಿ ಬಯಲಾಯಿತು. ಟೆಕ್ಸಾಸಿನ 38 ಸ್ಥಾನಗಳಲ್ಲಿ 25 ಆಗಲೇ ರಿಪಬ್ಲಿಕನ್ನರ ಕೈಯಲ್ಲಿದ್ದವು. ಇನ್ನೂ ಐದಕ್ಕಾಗಿ ಆ ರಾಜ್ಯ ದಶಕದ ನಡುವೆಯೇ ನಕ್ಷೆ ಬದಲಿಸಿತು. ಕೋರಂ ತಪ್ಪಿಸಲು ಡೆಮಾಕ್ರಟಿಕ್ ಶಾಸಕರು ರಾಜ್ಯ ಬಿಟ್ಟು ಹೋದರೂ ತಡೆಯಲಾಗಲಿಲ್ಲ. ಅದಕ್ಕೆ ಉತ್ತರವಾಗಿ ಕ್ಯಾಲಿಫೋರ್ನಿಯಾ ನವೆಂಬರಿನಲ್ಲಿ 50ನೇ ಪ್ರಸ್ತಾವವನ್ನು ಮತಕ್ಕೆ ಹಾಕಿತು. ಮತದಾರರೇ ತಾವು ಕಟ್ಟಿದ ಆಯೋಗದ ನಕ್ಷೆಯನ್ನು ಬದಿಗಿಟ್ಟು ಡೆಮಾಕ್ರಟರಿಗೆ ಅನುಕೂಲವಾದ ನಕ್ಷೆಯನ್ನು ಒಪ್ಪಿದರು. ಎದುರಾಳಿ ರಾಜ್ಯ ಸಂಯಮದಿಂದ ಇರುವವರೆಗೆ ಮಾತ್ರ ಬಾಳುವ ಸುಧಾರಣೆಯ ಮೇಲೆ ಒಂದು ಗಣರಾಜ್ಯದ ಸಂಸತ್ತನ್ನು ನಿಲ್ಲಿಸಲಾಗದು.

ಏಕಸದಸ್ಯ ಕ್ಷೇತ್ರವನ್ನು ಸಂವಿಧಾನವೇ ವಿಧಿಸಿದೆ ಎಂದು ಅನೇಕರು ತಿಳಿದಿದ್ದಾರೆ. ಸಂವಿಧಾನದಲ್ಲಿ ಆ ಮಾತೇ ಇಲ್ಲ. 1788ರಲ್ಲಿ ಪೆನ್ಸಿಲ್ವೇನಿಯಾ ತನ್ನ ಎಂಟೂ ಪ್ರತಿನಿಧಿಗಳನ್ನು ಇಡೀ ರಾಜ್ಯದ ಮತದಿಂದ ಆರಿಸಿತು. ಅಮೆರಿಕದ ಕಾಂಗ್ರೆಸ್ 1842ರಲ್ಲಿ ಮೊದಲ ಬಾರಿಗೆ ಏಕಸದಸ್ಯ ಕ್ಷೇತ್ರವನ್ನು ಕಡ್ಡಾಯ ಮಾಡಿದಾಗ ನ್ಯೂ ಹ್ಯಾಂಪ್‌ಶೈರ್, ಜಾರ್ಜಿಯಾ, ಮಿಸ್ಸಿಸ್ಸಿಪ್ಪಿ, ಮಿಸ್ಸೌರಿ ರಾಜ್ಯಗಳು ಅದನ್ನು ಕಡೆಗಣಿಸಿದವು. ಸದನ ಅವುಗಳ ಸದಸ್ಯರನ್ನು ಒಳಗೆ ಬಿಟ್ಟುಕೊಂಡಿತು. 1929ರ ಕಾನೂನಿನಲ್ಲಿ ಈ ನಿಯಮವೇ ಇರಲಿಲ್ಲ. 1932ರಲ್ಲಿ ಮಿನ್ನೆಸೋಟ, ಮಿಸ್ಸೌರಿ, ಕೆಂಟಕಿ, ವರ್ಜೀನಿಯಾ ಕ್ಷೇತ್ರಗಳಿಲ್ಲದೆಯೇ ಚುನಾವಣೆ ನಡೆಸಿದವು. ಈಗಿನ ನಿಯಮ ಬಂದದ್ದು 1967ರ ಡಿಸೆಂಬರಿನಲ್ಲಿ, ಒಬ್ಬ ವೈದ್ಯರಿಗೆ ವೈಯಕ್ತಿಕ ಪರಿಹಾರ ಕೊಡುವ ಸಣ್ಣ ಮಸೂದೆಗೆ ಅಂಟಿಕೊಂಡು.

ಆ ನಿಯಮಕ್ಕೆ ಆಗ ಒಂದು ನ್ಯಾಯವಾದ ಕಾರಣವಿತ್ತು. ಅದನ್ನು ಮರೆತು ವಾದಿಸುವುದು ಸರಿಯಲ್ಲ. ಇಡೀ ರಾಜ್ಯದ ಎಲ್ಲ ಸ್ಥಾನಗಳನ್ನೂ ಬಹುಮತದವರೇ ಬಾಚಿಕೊಳ್ಳುವಂತೆ ಚುನಾವಣೆ ನಡೆಸಿದರೆ ದಕ್ಷಿಣದ ರಾಜ್ಯಗಳಲ್ಲಿ ಕಪ್ಪು ಮತದಾರರು ಪೂರ್ತಿ ಅಳಿಸಿಹೋಗುತ್ತಿದ್ದರು. 1932ರಲ್ಲಿ ಮಿಸ್ಸೌರಿಯ ಹದಿಮೂರೂ ಸ್ಥಾನ ಒಂದೇ ಪಕ್ಷಕ್ಕೆ ಹೋಗಿದ್ದವು. ಜನಾಂಗದ ವಿಷಯದಲ್ಲಿ ಉತ್ತರ ಕ್ಯಾರೊಲಿನಾದ ಚರಿತ್ರೆ ಇನ್ನೂ ಕಹಿ. ಜಾರ್ಜ್ ಎಚ್. ವೈಟ್ 1901ರಲ್ಲಿ ಸದನ ಬಿಟ್ಟ ಮೇಲೆ ಆ ರಾಜ್ಯದಿಂದ ಮತ್ತೊಬ್ಬ ಕಪ್ಪು ಪ್ರತಿನಿಧಿ ಆಯ್ಕೆಯಾಗಲು 1992ರವರೆಗೆ ಕಾಯಬೇಕಾಯಿತು. ಆ ವರ್ಷ ಈವಾ ಕ್ಲೇಟನ್, ಮೆಲ್ ವಾಟ್ ಗೆದ್ದದ್ದು ಕಪ್ಪು ಬಹುಮತ ಬರುವಂತೆ ಎಳೆದ ಎರಡು ಕ್ಷೇತ್ರಗಳಲ್ಲಿ. ವಾಟ್ ಅವರ 12ನೇ ಕ್ಷೇತ್ರ ಐ-85 ಹೆದ್ದಾರಿಗುಂಟ ಸುಮಾರು 160 ಮೈಲಿ ಚಾಚಿಕೊಂಡಿತ್ತು. 1993ರ ಷಾ ವಿರುದ್ಧ ರೀನೊ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದರ ಆಕಾರವನ್ನೇ ಸಂಶಯದಿಂದ ನೋಡಿತು. ಒಂದು ಸಮುದಾಯಕ್ಕೆ ದನಿ ಸಿಗಬೇಕಾದರೆ ಹೆದ್ದಾರಿಯಷ್ಟು ಉದ್ದದ ಕ್ಷೇತ್ರ ಬೇಕಾಗುವ ಪದ್ಧತಿಯಲ್ಲೇ ದೋಷವಿದೆ.

ಬಹುಸದಸ್ಯ ಕ್ಷೇತ್ರ ಅನ್ಯಾಯವಾಗುವುದು ಗೆದ್ದವರಿಗೇ ಎಲ್ಲ ಸ್ಥಾನ ಎಂಬ ಎಣಿಕೆಯ ಜೊತೆ ಸೇರಿದಾಗ. ಎಣಿಕೆಯನ್ನು ಬದಲಿಸಿದರೆ ಅದೇ ಕ್ಷೇತ್ರ ರಕ್ಷಣೆಯಾಗುತ್ತದೆ. ಅಭ್ಯರ್ಥಿಗಳನ್ನು ಇಷ್ಟದ ಕ್ರಮದಲ್ಲಿ ಗುರುತಿಸುವ, ರಾಜ್ಯಸಭಾ ಚುನಾವಣೆಯ ಪ್ರಾಶಸ್ತ್ಯ ಮತದ ಲೆಕ್ಕ ಇದನ್ನು ಚೆನ್ನಾಗಿ ತಿಳಿಸುತ್ತದೆ. ಕರ್ನಾಟಕದ 4 ಸ್ಥಾನಗಳಿಗೆ ಚುನಾವಣೆಯಾದಾಗ ಒಬ್ಬ ಅಭ್ಯರ್ಥಿಗೆ ಬೇಕಾಗುವುದು 45 ಶಾಸಕರ ಮತ, ಅಂದರೆ ಐದನೇ ಒಂದಕ್ಕಿಂತ ಸ್ವಲ್ಪ ಹೆಚ್ಚು. 2024ರಲ್ಲಿ ಕಾಂಗ್ರೆಸ್ಸಿಗೆ 3, ಬಿಜೆಪಿಗೆ 1 ಸ್ಥಾನ ಬಂದದ್ದು ಈ ಲೆಕ್ಕದಿಂದ. ಬಹುಮತದವರಿಗೇ ಎಲ್ಲ ಎಂದಿದ್ದರೆ 4–0 ಆಗುತ್ತಿತ್ತು. ಇದೇ ಎಣಿಕೆಯನ್ನು ಮ್ಯಾಸಚೂಸೆಟ್ಸಿನ ಮತದಾರರ ಕೈಗೆ ಕೊಟ್ಟು, ಒಂಬತ್ತು ಸ್ಥಾನಗಳನ್ನು ತಲಾ ಮೂವರು ಸದಸ್ಯರ ಮೂರು ಕ್ಷೇತ್ರ ಮಾಡಿದರೆ ಕಾಲುಭಾಗ ದಾಟಿದ ಯಾವ ಗುಂಪಿಗಾದರೂ ಒಂದು ಸ್ಥಾನ ಖಚಿತ. ಎಲ್ಲೆಡೆ ಹರಡಿ ಎಲ್ಲೆಡೆ ಸೋಲುತ್ತಿದ್ದ ರಿಪಬ್ಲಿಕನ್ನರು ಮೂರರ ತನಕ ಗೆಲ್ಲಬಲ್ಲರು. ಅಯೋವಾದ ನಾಲ್ಕನ್ನೂ ಒಂದೇ ಕ್ಷೇತ್ರ ಮಾಡಿದರೆ 2024ರ ಮತಕ್ಕೆ 2–2 ಬರುತ್ತಿತ್ತು. ಅದು ಪೂರ್ಣ ಅನುಪಾತವೇನೂ ಅಲ್ಲ, ಆದರೆ 4–0ಕ್ಕಿಂತ ಸತ್ಯಕ್ಕೆ ಬಹಳ ಹತ್ತಿರ. ಉತ್ತರ ಕ್ಯಾರೊಲಿನಾದ 14 ಸ್ಥಾನಗಳನ್ನು ಐದು, ಐದು, ನಾಲ್ಕು ಎಂದು ಹಂಚಿದರೆ ವಿಶ್ವವಿದ್ಯಾಲಯದ ಆವರಣ ಸೀಳಿ ಗಳಿಸುವಂಥದ್ದು ಹೆಚ್ಚೇನೂ ಉಳಿಯುವುದಿಲ್ಲ. ಐವರ ಕ್ಷೇತ್ರದಲ್ಲಿ ಆರನೇ ಒಂದು ಭಾಗ ದಾಟಿದವರನ್ನು ಯಾವ ಗೆರೆಯೂ ಅಳಿಸಲಾರದು.

ಅಮೆರಿಕದ ನೆಲಕ್ಕೆ ಇದು ಹೊಸದೂ ಅಲ್ಲ. ಇಲಿನಾಯ್ 1870ರ ಸಂವಿಧಾನದಿಂದ 1980ರವರೆಗೆ ತನ್ನ ಕೆಳಮನೆಯನ್ನು ಮೂವರು ಸದಸ್ಯರ ಕ್ಷೇತ್ರಗಳಿಂದಲೇ ಆರಿಸಿತು. ಪ್ರತಿ ಮತದಾರನಿಗೂ ಮೂರು ಮತ. ಬೇಕಿದ್ದರೆ ಮೂರನ್ನೂ ಒಬ್ಬನಿಗೇ ಹಾಕಬಹುದಿತ್ತು. ಅದರಿಂದ ಷಿಕಾಗೋ ನಗರದೊಳಗಿಂದ ರಿಪಬ್ಲಿಕನ್ನರೂ ಅದರ ಹೊರವಲಯದಿಂದ ಡೆಮಾಕ್ರಟರೂ ಗೆದ್ದು ಬರುತ್ತಿದ್ದರು. ಶಾಸಕರ ಸಂಖ್ಯೆ ಕಡಿತ ಮಾಡುವ ಉತ್ಸಾಹದಲ್ಲಿ 1980ರಲ್ಲಿ ಆ ಪದ್ಧತಿಯನ್ನೂ ಕಿತ್ತುಹಾಕಲಾಯಿತು. 2001ರಲ್ಲಿ ರಿಪಬ್ಲಿಕನ್ ಮಾಜಿ ಗವರ್ನರ್ ಜಿಮ್ ಎಡ್ಗರ್ ಮತ್ತು ಡೆಮಾಕ್ರಟ್ ಆಬ್ನರ್ ಮಿಕ್ವಾ ನೇತೃತ್ವದ ಕಾರ್ಯಪಡೆ ಅದನ್ನು ಮರಳಿ ತರಬೇಕೆಂದು ಶಿಫಾರಸು ಮಾಡಿತು; ಅದು ಜಾರಿಯಾಗಲಿಲ್ಲ. ಮ್ಯಾಸಚೂಸೆಟ್ಸಿನ ಕೇಂಬ್ರಿಜ್ ನಗರಸಭೆಗೆ 1941ರಿಂದ ಪ್ರಾಶಸ್ತ್ಯ ಮತದಿಂದಲೇ ಆಯ್ಕೆ ನಡೆಯುತ್ತಿದೆ.

ಒಂದು ಕ್ಷೇತ್ರಕ್ಕೆ ಒಬ್ಬನೇ ಇದ್ದರೆ ಉತ್ತರದಾಯಿ ಯಾರೆಂಬುದು ಜನರಿಗೆ ಸ್ಪಷ್ಟವಿರುತ್ತದೆ ಎಂಬ ಆಕ್ಷೇಪ ಉಳಿಯುತ್ತದೆ. ಪ್ರತಿನಿಧಿ ಸಭೆಯ ಕ್ಷೇತ್ರಗಳಲ್ಲಿ ಐದು ಶೇಕಡಾಂಶದೊಳಗಿನ ಅಂತರದಲ್ಲಿ ನಿರ್ಧಾರವಾಗುವವು ಹತ್ತರಲ್ಲಿ ಒಂದರ ಆಸುಪಾಸು. ಉಳಿದೆಡೆ ಸದಸ್ಯ ಹೆದರುವುದು ತನ್ನದೇ ಪಕ್ಷದ ಪ್ರಾಥಮಿಕ ಚುನಾವಣೆಗೆ. ಸೋಲುವ ಭಯವಿಲ್ಲದ ಸದಸ್ಯನ ಉತ್ತರದಾಯಿತ್ವ ಮಾತಿನಲ್ಲಷ್ಟೇ ಇರುತ್ತದೆ. ಅಲಾಸ್ಕ, ಡೆಲವೇರ್, ಉತ್ತರ ಮತ್ತು ದಕ್ಷಿಣ ಡಕೋಟ, ವರ್ಮಾಂಟ್, ವಯೋಮಿಂಗ್ ರಾಜ್ಯಗಳಿಗೆ ಒಂದೊಂದೇ ಸ್ಥಾನ. ಸದನದ ಗಾತ್ರ ಹೆಚ್ಚಿಸದೆ ಅಲ್ಲಿ ಈ ಪರಿಹಾರ ನಡೆಯದು. ಉಳಿದ 44 ರಾಜ್ಯಗಳಿಗೆ ಅದು ನೆಪವಾಗಬಾರದು.

ಚುನಾವಣೆಯ ವಿಧಾನವನ್ನು ಬದಲಿಸುವ ಅಧಿಕಾರವನ್ನು ಸಂವಿಧಾನದ 1ನೇ ವಿಧಿಯ 4ನೇ ಸೆಕ್ಷನ್ ಕಾಂಗ್ರೆಸ್ಸಿಗೆ ಕೊಟ್ಟಿದೆ. ಇದಕ್ಕೆ ಸಂವಿಧಾನ ತಿದ್ದುಪಡಿ ಬೇಡ, 1967ರ ನಿಯಮವನ್ನು ರದ್ದು ಮಾಡುವ ಸಾಧಾರಣ ಕಾನೂನು ಸಾಕು. ಮೂವರಿಂದ ಐವರು ಸದಸ್ಯರ ಕ್ಷೇತ್ರ ಮತ್ತು ಪ್ರಾಶಸ್ತ್ಯ ಮತವನ್ನು ತರುವ ಫೇರ್ ರೆಪ್ರೆಸೆಂಟೇಷನ್ ಆಕ್ಟ್ ಎಂಬ ಮಸೂದೆಯನ್ನು ವರ್ಜೀನಿಯಾದ ಡಾನ್ ಬೈಯರ್ 2017ರಲ್ಲಿ ಮಂಡಿಸಿದರು. ಆ ಮೇಲೆ ಅದು ಮತ್ತೆ ಮತ್ತೆ ಮಂಡನೆಯಾಗಿದೆ; ಒಮ್ಮೆಯೂ ಸದನದಲ್ಲಿ ಮತಕ್ಕೆ ಬಂದಿಲ್ಲ.